ಮೊದಲು ಗೆರೆ, ಆಮೇಲೆ ಸಂದು

ನಮ್ಮ ಗರಾಜಿಗೆ ಬಂದವರೆಲ್ಲ ಮೊದಲು ಮಾಡುವ ಕೆಲಸ ಒಂದೇ. ಅರ್ಧ ಕಟ್ಟಿರುವ ಕಯಾಕಿನ ಹತ್ತಿರ ಬಗ್ಗಿ, ಎರಡು ಪಟ್ಟಿ ಕೂಡುವ ಕಡೆ ಉಗುರು ಆಡಿಸಿ, ಸಂದು ಇದೆಯೇ ಎಂದು ನೋಡುತ್ತಾರೆ. ಸಿಕ್ಕಿದರೆ ‘ನೀರು ಒಳಗೆ ಬರುವುದಿಲ್ಲವಾ?’ ಎಂದು ಕೇಳುತ್ತಾರೆ, ಸಿಗದಿದ್ದರೆ ತಲೆದೂಗುತ್ತಾರೆ. ದೋಣಿಯ ಮೂತಿಯ ಕಡೆ ಹೋಗಿ ನಿಂತು, ಒಂದು ಕಣ್ಣು ಮುಚ್ಚಿ, ಪಟ್ಟಿ ಈ ತುದಿಯಿಂದ ಆ ತುದಿಗೆ ಹೇಗೆ ಹರಿದಿದೆ ಎಂದು ನೋಡಿದವರು ಬಹಳ ಕಡಿಮೆ. ಮರದ ಪಟ್ಟಿ ಕೂರಿಸಿ ದೋಣಿ ಕಟ್ಟುವುದರ ಕಷ್ಟವೂ ಸುಖವೂ ಇರುವುದು ಆ ಹರಿವಿನಲ್ಲಿ. ಸಂದು ಮುಚ್ಚುವುದಕ್ಕೆ ನಾಲ್ಕಾರು ದಾರಿಗಳಿವೆ. ಗೆರೆ ಕೆಟ್ಟರೆ ಪಟ್ಟಿ ಕಿತ್ತು ಮತ್ತೆ ಕೂರಿಸುವುದು ಬಿಟ್ಟು ಬೇರೆ ದಾರಿಯಿಲ್ಲ.

ನಾನು ಗಂಗೊಳ್ಳಿಯವಳು. ಈಗ ಇರುವುದು ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ, ಸಿಯಾಟಲ್‌ಗೆ ಉತ್ತರದಲ್ಲಿ, ಪ್ಯೂಜೆಟ್ ಸೌಂಡ್ ಎಂಬ ಕಡಲತೋಳಿನ ದಂಡೆಯ ಊರಿನಲ್ಲಿ. ಹಗಲು ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ, ಸಂಜೆ ಮತ್ತು ರಜೆಯಲ್ಲಿ ಗರಾಜಿನಲ್ಲಿ 17 ಅಡಿ ಉದ್ದದ ಈ ಕಯಾಕಿನ ಕೆಲಸ. ಇದರ ಒಡಲು, ಅಂದರೆ ನೀರಿಗೆ ತಾಗುವ ತಳಭಾಗ, ಮುಗಿದಿದೆ. ಡೆಕ್, ಅಂದರೆ ಮೇಲಿನ ಮುಚ್ಚುಭಾಗ, ಇನ್ನೂ ಬಾಕಿ ಇದೆ.

ಕಯಾಕ್ ಕರ್ನಾಟಕಕ್ಕೆ ಈಗ ಹೊಸದಲ್ಲ. ಹೊನ್ನಾವರದಲ್ಲಿ ಶರಾವತಿಯ ಕಾಂಡ್ಲಾ ಕಾಡಿನ ನಡುವೆ, ಉಡುಪಿ ಜಿಲ್ಲೆಯ ಸಾಲಿಗ್ರಾಮದ ಹಿನ್ನೀರಿನಲ್ಲಿ ಪ್ರವಾಸಿಗರು ಎರಡು ಬದಿಯ ಹುಟ್ಟು ಹಿಡಿದು ಸಾಗುವ ಬಣ್ಣಬಣ್ಣದ ಪ್ಲಾಸ್ಟಿಕ್ ದೋಣಿಗಳೇ ಅವು. ಅವುಗಳ ಮೂಲ ಉತ್ತರ ಧ್ರುವದ ಸುತ್ತಿನ ಇನ್ಯುಯಿಟ್, ಯೂಪಿಕ್, ಅಲೂಟ್ ಜನರ ಬೇಟೆಯ ದೋಣಿ. ದಂಡೆಗೆ ತೇಲಿಬಂದ ಮರದ ತುಂಡುಗಳಿಂದ ಪಂಜರ ಕಟ್ಟಿ, ಗಂಟುಗಳನ್ನು ಹುರಿಯಿಂದ ಬಿಗಿದು, ಮೇಲೆ ಸೀಲ್ ಪ್ರಾಣಿಯ ಚರ್ಮ ಹೊಲಿಯುತ್ತಿದ್ದರು. ಮರ ಬೆಳೆಯದ ನಾಡಿನವರ ದೋಣಿ ಅದು. ಒಂದೊಂದು ಕಡ್ಡಿಯೂ ಬೆಲೆಯುಳ್ಳದ್ದಾಗಿತ್ತು. ಅದರ ಆಕಾರ ಎಷ್ಟು ಪಳಗಿದೆಯೆಂದರೆ, ಇಂದಿಗೂ ಮನೆಯಲ್ಲಿ ಕಯಾಕ್ ಕಟ್ಟುವವರ ಎಷ್ಟೋ ನಕ್ಷೆಗಳು ಗ್ರೀನ್‌ಲೆಂಡಿನ ಹಳೆಯ ದೋಣಿಗಳ ಗೆರೆಯನ್ನೇ ಹಿಡಿದು ಹೊರಟಿವೆ.

ಪಟ್ಟಿ ಕೂರಿಸಿ ಕಟ್ಟುವ ವಿಧಾನ ಬೆಳೆದದ್ದು ಬೇರೆ ಕಡೆ. 19ನೇ ಶತಮಾನದ ಕೊನೆಯ ಹೊತ್ತಿಗೆ ಕೆನಡಾದ ಒಂಟಾರಿಯೊದ ಪೀಟರ್‌ಬರೋ ಊರಿನ ಸುತ್ತ ಸೀಡರ್ ಮರದ ಪಟ್ಟಿಗಳಿಂದ ಕನೂ ಎಂಬ ತೆರೆದ ದೋಣಿ ಕಟ್ಟುವ ಉದ್ಯಮ ಬೆಳೆದಿತ್ತು. ಆ ದೋಣಿಗಳಿಗೆ ಒಳಗೆ ಪಕ್ಕೆಲುಬುಗಳಿದ್ದವು. 20ನೇ ಶತಮಾನದ ನಡುವಿಗೆ ಅಮೆರಿಕದ ಮಿನ್ನೆಸೋಟದ ಕನೂ ಪಂದ್ಯಗಾರರು ಪಕ್ಕೆಲುಬನ್ನೇ ಬಿಟ್ಟು, ಪಟ್ಟಿಗಳ ಚಿಪ್ಪಿಗೆ ಒಳಗೂ ಹೊರಗೂ ಗಾಜುನಾರಿನ ಬಟ್ಟೆ ಅಂಟಿಸಿ ಹಗುರ ದೋಣಿ ಮಾಡಿಕೊಂಡರು. 1983ರಲ್ಲಿ ಟೆಡ್ ಮೂರ್ಸ್ ಅವರ ‘ಕನೂಕ್ರಾಫ್ಟ್’ ಪುಸ್ತಕ ಈ ವಿದ್ಯೆಯನ್ನು ಸಾಮಾನ್ಯರ ಮನೆಗೆ ತಂದಿತು. 1998ರಲ್ಲಿ ನಿಕ್ ಶೇಡ್ ಕಡಲ ಕಯಾಕಿಗೇ ಒಂದು ಪುಸ್ತಕ ಬರೆದರು. ನನ್ನ ಕೆಲಸದ ಮೇಜಿನ ಮೇಲೆ ಅಂಟಿನ ಕಲೆ ಹತ್ತಿಸಿಕೊಂಡು ಬಿದ್ದಿರುವುದು ಆ ಎರಡನೆಯ ಪುಸ್ತಕ.

ಮರ ಇಲ್ಲಿಯದೇ, ವೆಸ್ಟರ್ನ್ ರೆಡ್ ಸೀಡರ್. ಈ ಕರಾವಳಿಯ ಮೂಲನಿವಾಸಿಗಳು ಶತಮಾನಗಳಿಂದ ಒಂದೇ ದಿಮ್ಮಿ ಕೊರೆದು ದೊಡ್ಡ ದೋಣಿ ಮಾಡುತ್ತ ಬಂದಿರುವುದು ಇದರಲ್ಲೇ. ಒಂದು ಘನ ಮೀಟರ್ ಮರ ಸುಮಾರು 370 ಕಿಲೋ ತೂಗುತ್ತದೆ. ತೇಗವಾದರೆ 650 ಕಿಲೋ ಆಸುಪಾಸು. ಎಳೆ ನೇರ, ಗಂಟು ಕಡಿಮೆ, ಕೊಳೆಯುವುದು ನಿಧಾನ. ಹೆಂಚಿನ ಮಾಡಿಗೆ ಹೊಡೆಯುವ ರೀಪನ್ನು ನಾಲ್ಕು ಪಾಲು ತೆಳ್ಳಗೆ ಸೀಳಿದಂತೆ ಇರುತ್ತವೆ ಪಟ್ಟಿಗಳು: ಅಗಲ 19 ಮಿಲಿಮೀಟರ್, ದಪ್ಪ ಬರೀ 6. ಪಟ್ಟಿಯ ಒಂದು ಅಂಚನ್ನು ಯಂತ್ರದಲ್ಲಿ ಹೊರಗೆ ದುಂಡಗೆ ಉಬ್ಬಿಸಿ, ಇನ್ನೊಂದು ಅಂಚಿನಲ್ಲಿ ಅದೇ ಅಳತೆಯ ತೋಡು ಕೊರೆಯುತ್ತಾರೆ. ಒಂದರ ಉಬ್ಬು ಇನ್ನೊಂದರ ತೋಡಿನಲ್ಲಿ ಕೂರುತ್ತದೆ. ದೋಣಿಯ ಮೈ ತಿರುಗುವ ಕಡೆ ಉಬ್ಬು ತೋಡಿನೊಳಗೇ ಹೊರಳಿಕೊಳ್ಳುವುದರಿಂದ ಕೂಡಿಕೆ ಬಾಯಿ ಬಿಡುವುದಿಲ್ಲ.

ಪಟ್ಟಿ ಹಚ್ಚುವ ಮೊದಲು ಅಚ್ಚು ಬೇಕು. ನಕ್ಷೆಯಿಂದ ಪ್ಲೈವುಡ್ಡಿಗೆ ಗೆರೆ ಇಳಿಸಿ, ದೋಣಿಯನ್ನು ಅಡಿಗೊಂದು ಕಡೆ ಅಡ್ಡ ಕೊಯ್ದರೆ ಹೇಗೆ ಕಾಣುತ್ತದೋ ಆ ಆಕಾರಗಳನ್ನು ಕತ್ತರಿಸಿಕೊಳ್ಳುತ್ತೇವೆ. ಅವನ್ನೆಲ್ಲ ಒಂದು ನೇರ ತೊಲೆಗೆ ಸಾಲಾಗಿ ಪೋಣಿಸಿ ತಲೆಕೆಳಗಾಗಿ ನಿಲ್ಲಿಸುತ್ತೇವೆ. ಅಚ್ಚಿನ ಅಂಚಿಗೆ ಪ್ಲಾಸ್ಟಿಕ್ ಟೇಪು ಸುತ್ತುವುದನ್ನು ಮರೆಯುವಂತಿಲ್ಲ. ಇಲ್ಲದಿದ್ದರೆ ಅಂಟು ಇಳಿದು ದೋಣಿ ಅಚ್ಚಿಗೇ ಹಿಡಿದುಕೊಳ್ಳುತ್ತದೆ.

ಇಲ್ಲಿ ಒಂದು ಸಂಜೆಯನ್ನಾದರೂ ಬರೀ ನೋಡುವುದಕ್ಕೆಂದೇ ಇಡಬೇಕು. ಅಂಟು ಹಾಕದೆ ಒಂದು ಪಟ್ಟಿಯನ್ನು ಎಲ್ಲ ಅಚ್ಚುಗಳ ಮೇಲೂ ಹಾಯಿಸಿ ಹಿಡಿಯಬೇಕು. ಯಾವುದಾದರೂ ಅಚ್ಚು 2 ಮಿಲಿಮೀಟರ್ ಮೇಲೆದ್ದಿದ್ದರೆ ಪಟ್ಟಿ ಅಲ್ಲಿ ಏರಿ, ಅದರ ಅಕ್ಕಪಕ್ಕದಲ್ಲಿ ಅಚ್ಚು ಬಿಟ್ಟು ನಿಲ್ಲುತ್ತದೆ. ಆ ಅಚ್ಚನ್ನು ಆಗಲೇ ಉಜ್ಜಿ ಇಳಿಸಬೇಕು, ತಗ್ಗಿದ್ದರೆ ತೆಳು ಚಕ್ಕೆ ಅಂಟಿಸಿ ಏರಿಸಬೇಕು. ಅಳತೆಪಟ್ಟಿ ಸರಿ ಎಂದರೂ ಮರದ ಪಟ್ಟಿ ಒಪ್ಪದಿದ್ದರೆ ನಾನು ಪಟ್ಟಿಯ ಮಾತನ್ನೇ ನಂಬುತ್ತೇನೆ. ಅಳತೆಪಟ್ಟಿ ಒಂದು ಬಿಂದುವನ್ನು ನೋಡುತ್ತದೆ. ಮರ ಒಟ್ಟಿಗೆ ಐದಾರು ಅಚ್ಚುಗಳನ್ನು ಮುಟ್ಟಿ ನೋಡುತ್ತದೆ.

ಮೊದಲ ಪಟ್ಟಿ ಕೂರುವುದು ಅಂಚುಗೆರೆಯಲ್ಲಿ, ಒಡಲೂ ಡೆಕ್ಕೂ ಮುಂದೆ ಕೂಡುವ ಗೆರೆಯಲ್ಲಿ. ಉಳಿದ ಪಟ್ಟಿಗಳೆಲ್ಲ ಇದರ ಬೆನ್ನು ಹತ್ತಿ ಹೋಗುವುದರಿಂದ ಇದರಲ್ಲಿ ಆತುರ ಸಲ್ಲ. ಅಚ್ಚಿನ ಮೇಲಿನ ಗುರುತುಗಳಿಗೆ ಪಟ್ಟಿಯನ್ನು ತಾಗಿಸುತ್ತ ಹೋಗುತ್ತೇನೆ. ಒಂದು ಗುರುತಿನಲ್ಲಿ ಕೂದಲೆಳೆಯಷ್ಟು ತಪ್ಪಿ ಗೆರೆ ಸರಾಗವಾಗಿ ಹರಿಯುತ್ತದೆಂದಾದರೆ ಗುರುತನ್ನು ಬಿಟ್ಟು ಗೆರೆಯನ್ನು ಉಳಿಸಿಕೊಳ್ಳುತ್ತೇನೆ. ತೋಡು ಇರುವ ಅಂಚು ಮೇಲಕ್ಕಿರಬೇಕು. ಅಂಟು ಹಾಕಿದಾಗ ಸುರಿದು ಹೋಗದೆ ಅದರಲ್ಲಿ ನಿಲ್ಲುತ್ತದೆ. ತೋಡಿನ ಎರಡು ತುಟಿಗಳು ಕಾಗದದಷ್ಟು ತೆಳು, ಬೆರಳು ಒತ್ತಿದರೂ ಮುರಿಯುತ್ತವೆ. ಅದಕ್ಕೇ ಹಿಡಿಕೆ, ಅಂದರೆ ಕ್ಲಾಂಪ್, ಬಿಗಿಯುವಾಗ ನಡುವೆ ಒಂದು ಚಿಕ್ಕ ಪಟ್ಟಿಯ ತುಂಡು ಇಟ್ಟುಕೊಳ್ಳುವುದು ಒಳ್ಳೆಯದು. ಬಲಕ್ಕೆ ಒಂದು, ಎಡಕ್ಕೆ ಒಂದು ಹೀಗೆ ಬದಲಿಸುತ್ತ ಹೋಗಬೇಕು. ಒಂದೇ ಬದಿಗೆ ನಾಲ್ಕಾರು ಪಟ್ಟಿ ಹಚ್ಚಿಬಿಟ್ಟರೆ ಅವುಗಳ ಎಳೆತಕ್ಕೆ ತೊಲೆಯೇ ತಿರುಚಿಕೊಳ್ಳಬಹುದು. ತಿರುಚಿದ ದೋಣಿ ಮುಂದೆ ನೀರಿನಲ್ಲಿ ಯಾವಾಗಲೂ ಒಂದು ಪಕ್ಕಕ್ಕೆ ಎಳೆಯುತ್ತದೆ.

ಇನ್ನು ಬಗ್ಗುವ ವಿಷಯ. ಪಟ್ಟಿ ದಪ್ಪದ ಕಡೆಗೆ ಬೆರಳಿಗೇ ಬಗ್ಗುತ್ತದೆ. ಅಗಲದ ಕಡೆಗೆ, ಅಂದರೆ ಅಂಚು ಹಿಡಿದು ಮೇಲಕ್ಕೋ ಕೆಳಕ್ಕೋ ಬಗ್ಗಿಸಹೊರಟರೆ, ಅದಕ್ಕಿಂತ ಹತ್ತು ಪಟ್ಟು ಗಟ್ಟಿ. ಲೆಕ್ಕ ಸುಲಭ: 19ನ್ನು 6ರಿಂದ ಭಾಗಿಸಿದರೆ ಮೂರು ಚಿಲ್ಲರೆ, ಅದನ್ನು ಅದರಿಂದಲೇ ಗುಣಿಸಿದರೆ ಹತ್ತು. ದೋಣಿ ನಡುವಿನಲ್ಲಿ ದಪ್ಪ, ತುದಿಗಳಲ್ಲಿ ಚೂಪು. ನಡುವಿನ ಸುತ್ತಳತೆ ಹೆಚ್ಚು, ತುದಿಯದು ಕಡಿಮೆ. ಹಾಗಾಗಿ ಅಂಚುಗೆರೆಯಿಂದ ಮೇಲೆ ಹೋದ ಹಾಗೆ ಪಟ್ಟಿಗಳು ನಡುವಿನಲ್ಲಿ ಒಂದು ಗೆರೆ, ತುದಿಯಲ್ಲಿ ಇನ್ನೊಂದು ಗೆರೆ ಬೇಡಲು ಶುರು ಮಾಡುತ್ತವೆ. ಕೈಯಲ್ಲಿ ಬಲವಿದೆ, ಹಿಡಿಕೆಯಲ್ಲಿ ಹಲ್ಲಿದೆ ಎಂದು ಒತ್ತಿ ಹಿಡಿದರೆ ಪಟ್ಟಿ ಕೂತಂತೆ ಕಾಣುತ್ತದೆ. ಆದರೆ ಆ ಒತ್ತಡ ಎಲ್ಲೂ ಹೋಗುವುದಿಲ್ಲ. ಮುಂದಿನ ಪಟ್ಟಿಯನ್ನು ತಳ್ಳುತ್ತದೆ, ಅದು ಅದರ ಮುಂದಿನದನ್ನು. ನಾಲ್ಕೈದು ಸಾಲು ದಾಟುವಷ್ಟರಲ್ಲಿ ಪಟ್ಟಿಗಳು ಅಚ್ಚಿನಿಂದ ಮೇಲೆದ್ದಿರುತ್ತವೆ. ಆಗ ಹೊರಗಿನಿಂದ ನೋಡಿದರೆ ಕೂಡಿಕೆಯಲ್ಲಿ ಒಂದು ಸಂದೂ ಇಲ್ಲ, ಮೈ ಮಾತ್ರ ಉಬ್ಬಿದೆ.

ಬಗ್ಗಿಸುವ ಬದಲು ಪಟ್ಟಿಯ ಆಕಾರ ಬದಲಿಸುವುದು ಸರಿಯಾದ ದಾರಿ. ತುದಿಯ ಕಡೆ ಉದ್ದಕ್ಕೆ ಓರೆಯಾಗಿ ಹೆರೆದು, 19 ಮಿಲಿಮೀಟರಿನಿಂದ 10ಕ್ಕೋ 8ಕ್ಕೋ ಇಳಿಸಿದರೆ ಮುಂದಿನ ಸಾಲುಗಳು ಮತ್ತೆ ತಮ್ಮ ಇಷ್ಟದ ದಾರಿಗೆ ಬರುತ್ತವೆ. ಇಲ್ಲವೇ ಪೂರ್ತಿ ಉದ್ದಕ್ಕೆ ಹೋಗದ, ಎರಡು ತುದಿಯೂ ಸೂಜಿಯಂತೆ ಸಣ್ಣಗಾದ ಗಿಡ್ಡ ಪಟ್ಟಿಯೊಂದನ್ನು ನಡುವೆ ಸೇರಿಸಿ ಗೆರೆಯನ್ನು ತಿದ್ದಬಹುದು. ಸ್ವಲ್ಪವೇ ಬಾಗಬೇಕೆಂದಿದ್ದರೆ ಬಿಸಿಗಾಳಿಯ ಗನ್ ಹಿಡಿದರೆ ಸಾಕು. ಮರದ ನಾರುಗಳನ್ನು ಹಿಡಿದಿಟ್ಟಿರುವ ಲಿಗ್ನಿನ್ ಬಿಸಿಗೆ ಮೆದುವಾಗಿ ಪಟ್ಟಿ ಕೈಮಾತು ಕೇಳುತ್ತದೆ, ಆರಿದ ಮೇಲೆ ಹಾಗೇ ನಿಲ್ಲುತ್ತದೆ. ಮೂತಿಯ ಹತ್ತಿರ ಪಟ್ಟಿ ಬಾಗುವುದರ ಜೊತೆಗೆ ತಿರುಚಿಕೊಳ್ಳಲೂ ಬೇಕಾಗುತ್ತದೆ. ನಡುವಿನಲ್ಲಿ ಮಲಗಿದಂತಿದ್ದದ್ದು ತುದಿಯಲ್ಲಿ ನೆಟ್ಟಗೆ ನಿಲ್ಲಬೇಕು. ಅಲ್ಲಿ ನಾನು ಬಿಸಿ ಕೊಟ್ಟೇ ತಿರುಚುತ್ತೇನೆ.

ತುದಿ ಕೂರಿಸುವ ಕೆಲಸಕ್ಕೆ ಒಂದು ಸಣ್ಣ ಕೀಸುಳಿ, ಒಂದು ತೆಳು ಗರಗಸ, ಒಂದು ಪೆನ್ಸಿಲ್ ಸಾಕು. ಕೀಸುಳಿ ಮಾತ್ರ ಚೆನ್ನಾಗಿ ಸಾಣೆ ಹಿಡಿದಿರಬೇಕು. ಸೀಡರ್ ಮೆದು ಮರ, ಮೊಂಡು ಅಲಗು ಅದನ್ನು ಕತ್ತರಿಸುವುದಿಲ್ಲ, ಜಜ್ಜುತ್ತದೆ. ಮೊದಲು ಕಷ್ಟದ ತುದಿಯನ್ನು ಕೂರಿಸಬೇಕು, ಇನ್ನೊಂದು ತುದಿ ಉದ್ದಕ್ಕೆ ಹೊರಗೆ ಚಾಚಿಕೊಂಡಿರಲಿ. ಬೇಕಾದ್ದಕ್ಕಿಂತ ಎರಡು ಮೂರು ಮಿಲಿಮೀಟರ್ ಹೆಚ್ಚಿಗೆ ಕತ್ತರಿಸಿ, ಹೆರೆದು, ಇಟ್ಟು ನೋಡಿ, ತೆಗೆದು, ಮತ್ತೆ ಹೆರೆಯುವುದು. ಎಲ್ಲಿ ತಾಗುತ್ತಿದೆ ಎಂದು ತಿಳಿಯದಿದ್ದರೆ ಈಗಾಗಲೇ ಕೂತಿರುವ ಪಟ್ಟಿಯ ಅಂಚಿಗೆ ಪೆನ್ಸಿಲ್ ಉಜ್ಜಿ ಹೊಸದನ್ನು ಒತ್ತಿದರೆ ಕಪ್ಪು ಹತ್ತಿದ ಜಾಗವೇ ಎದ್ದಿರುವ ಜಾಗ. ಅಚ್ಚುಗಳ ನಡುವೆ ಒಳಗೊಂದು ದೀಪ ಇಟ್ಟು ಗರಾಜಿನ ಬೆಳಕು ಆರಿಸಿದರೆ ಸಂದಿನಲ್ಲಿ ಬೆಳಕು ಹಾಯುತ್ತದೆ. ಒಳಗಿನ ಅಂಚನ್ನು ಹೊರಗಿನದಕ್ಕಿಂತ ಒಂದು ಗುಲಗಂಜಿಯಷ್ಟು ಹೆಚ್ಚು ಹೆರೆದರೆ ಕಣ್ಣಿಗೆ ಬೀಳುವ ಹೊರ ಅಂಚುಗಳು ಬಿಗಿಯಾಗಿ ಮುಚ್ಚಿಕೊಳ್ಳುತ್ತವೆ. ಒಳಗೆ ಉಳಿದ ಕೂದಲೆಳೆ ಜಾಗವನ್ನು ಅಂಟು ತುಂಬಿಕೊಳ್ಳುತ್ತದೆ.

ಒಡಲು ಮುಚ್ಚುವ ಹಂತ ನನಗೆ ಎಲ್ಲಕ್ಕಿಂತ ಇಷ್ಟ. ಎರಡೂ ಬದಿಯ ಪಟ್ಟಿಗಳು ದೋಣಿಯ ತಳದ ನಡುಗೆರೆಯತ್ತ ಹತ್ತಿಕೊಂಡು ಬಂದು, ಮಧ್ಯೆ ಎಲೆಯಾಕಾರದ ಬಯಲು ಉಳಿಯುತ್ತದೆ. ಒಂದು ಬದಿಯ ಪಟ್ಟಿಗಳನ್ನು ನಡುಗೆರೆ ದಾಟಿ ಹೋಗಲು ಬಿಟ್ಟು, ಆಮೇಲೆ ದಾರ ಎಳೆದು ಗೆರೆ ಹಾಕಿ, ಗರಗಸದಿಂದ ಕೊಯ್ದು, ಕೀಸುಳಿಯಿಂದ ನೇರ ಮಾಡುತ್ತೇನೆ. ಇನ್ನೊಂದು ಬದಿಯ ಪ್ರತಿ ಪಟ್ಟಿಯೂ ಈಗ ಆ ನೇರ ಅಂಚಿಗೆ ಉದ್ದನೆಯ ಓರೆಯಲ್ಲಿ ಬಂದು ಕೂರಬೇಕು. ಒಂದೊಂದು ಓರೆಯೂ ಗೇಣಿಗಿಂತ ಉದ್ದ, ಒಂದರಂತೆ ಇನ್ನೊಂದಿಲ್ಲ. ಒಂದು ಪಟ್ಟಿಗೆ ಅರ್ಧ ಗಂಟೆ ಹಿಡಿದರೂ ಅದು ವ್ಯರ್ಥವಲ್ಲ. ಈ ಓರೆಗಳ ಸಾಲು ದೋಣಿಯ ತಳದಲ್ಲಿ ಹಕ್ಕಿಯ ರೆಕ್ಕೆಯ ಹಾಗೆ ಬಿಡಿಸಿಕೊಳ್ಳುತ್ತದೆ. ನೀರಿಗಿಳಿದ ಮೇಲೆ ಅದನ್ನು ಯಾರೂ ನೋಡುವುದಿಲ್ಲ. ಕೊನೆಯ ಪಟ್ಟಿ ಕೂರಿಸಿದ ದಿನ ವಿಸ್ಕಿ ಸುರಿದು ಸಂಭ್ರಮಿಸುವ ಪದ್ಧತಿ ಇಲ್ಲಿನ ದೋಣಿ ಕಟ್ಟುವವರಲ್ಲಿದೆ, ಆ ಹಲಗೆಗೆ ವಿಸ್ಕಿ ಪ್ಲ್ಯಾಂಕ್ ಎಂದೇ ಹೆಸರು. ನಾನು ಗೋಳಿಬಜೆ ಕರಿದು ಬೀದಿಯವರನ್ನೆಲ್ಲ ಕರೆದೆ.

ನಮ್ಮ ದೊಡ್ಡಪ್ಪ ದೋಣಿ ಕೆಲಸದವರು. ಅವರ ಹರೆಯದಲ್ಲಿ ರಂಪಣಿ ಬಲೆ ಬಿಡಲು ಹೋಗುವ ದೋಣಿಗಳ ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿಯುತ್ತಿದ್ದರು. ಹೆಬ್ಬಲಸಿನ ದಪ್ಪ ಹಲಗೆಗಳು. ಅಡಿಗೊಂದು ಅಚ್ಚು, ಕಾಗದದ ನಕ್ಷೆ ಯಾವುದೂ ಇರಲಿಲ್ಲ, ಎಲ್ಲ ಕಣ್ಣಳತೆ. ಅಲ್ಲಿ ನೀರು ತಡೆಯಬೇಕಾದದ್ದು ಕೂಡಿಕೆಯೇ, ಆದ್ದರಿಂದ ಸಂದು ಅವರಿಗೆ ಜೀವದ ವಿಷಯ. ನನ್ನ ದೋಣಿಯನ್ನು ವಿಡಿಯೊ ಕಾಲಿನಲ್ಲಿ ತೋರಿಸುವಾಗ ಅವರು ಸಂದು ಕೇಳುತ್ತಾರೆಂದೇ ನಾನು ಕ್ಯಾಮೆರಾವನ್ನು ಕೂಡಿಕೆಯ ಹತ್ತಿರ ಹಿಡಿದಿದ್ದೆ.

‘ಅದ್ ಸಾಕ್ ಹೆಣೆ. ಮೂತಿ ಬದಿಗ್ ಹೋಗಿ ಹಿಡಿ. ಅಲ್ಲಾಡ್ಸ್‌ಬೇಡ,’ ಎಂದರು.

ಹಿಡಿದೆ. ಬಹಳ ಹೊತ್ತು ನೋಡಿದರು.

‘ಗೆರೆ ಸಮ ಇತ್ತ್. ಇನ್ ಸಂದಿಗೆ ಎಂತಕ್ಕೆ ಮಂಡೆಬಿಸಿ?’

‘ನಿಮ್ಮ ದೋಣಿಗೆ ಸಂದು ಬಿಟ್ಟರೆ ಆಗುತ್ತಿತ್ತಾ ದೊಡ್ಡಪ್ಪ?’

‘ಸಂದಿಗೆ ನಾರು ತುಂಬ್ಸುಕಾತ್ತ್. ಹಲಗೆ ಸೊಟ್ಟ ಆದ್ರೆ ಅದಕ್ಕೆಂತ ತುಂಬ್ಸುದ್?’

ಹೊಲಿದ ದೋಣಿಯಲ್ಲಿ ದುಡಿದವರೂ ಮೊದಲು ನೋಡುವುದು ಗೆರೆಯನ್ನೇ ಎಂದು ನನಗೆ ಗೊತ್ತಾದದ್ದು ಆಗ.

ನನ್ನ ದೋಣಿಗಂತೂ ಸಂದಿನ ಭಯ ಇನ್ನೂ ಕಡಿಮೆ. ನೀರು ತಡೆಯುವುದು ಮರವಲ್ಲ. ಪಟ್ಟಿಗಳನ್ನು ಹೆರೆದು, ಮರಳುಕಾಗದದಿಂದ ನುಣ್ಣಗೆ ಮಾಡಿದ ಮೇಲೆ, ಚದರ ಮೀಟರಿಗೆ 135ರಿಂದ 200 ಗ್ರಾಂ ತೂಗುವ ಗಾಜುನಾರಿನ ಬಟ್ಟೆಯನ್ನು ಹೊರಗೂ ಒಳಗೂ ಹಾಸಿ ಎಪಾಕ್ಸಿ ಎಂಬ ಅಂಟುರಾಳ ಕುಡಿಸುತ್ತೇವೆ. ಬಿಳಿ ಬಟ್ಟೆ ಎಪಾಕ್ಸಿ ಹೀರಿದ ಕ್ಷಣ ಪಾರದರ್ಶಕವಾಗಿ, ಕೆಳಗಿನ ಮರದ ಬಣ್ಣ ಎದ್ದು ಬರುತ್ತದೆ. ದೋಣಿ ಬಂಡೆಗೆ ತಾಗಿದಾಗ ಹೊರಗಿನ ಬಟ್ಟೆ ಒತ್ತಡವನ್ನೂ ಒಳಗಿನದು ಎಳೆತವನ್ನೂ ತಡೆದುಕೊಳ್ಳುತ್ತವೆ. ಮರದ ಕೆಲಸ ಈ ಎರಡನ್ನೂ 6 ಮಿಲಿಮೀಟರ್ ದೂರದಲ್ಲಿ ಅಲುಗದಂತೆ ಹಿಡಿದಿಡುವುದು. ಸಣ್ಣ ಸಂದುಗಳಿಗೆ ಮರದ ನುಣ್ಣನೆ ಹೊಟ್ಟನ್ನು ಎಪಾಕ್ಸಿಯಲ್ಲಿ ಕಲಸಿ ಮೆತ್ತಿದರಾಯಿತು. 17 ಅಡಿಯ ಕಯಾಕ್ ಹೀಗೆ 20 ಕಿಲೋ ಆಸುಪಾಸಿನಲ್ಲಿ ಮುಗಿಯುತ್ತದೆ, ಒಬ್ಬಳೇ ಹೆಗಲ ಮೇಲಿಟ್ಟುಕೊಂಡು ನೀರಿನವರೆಗೆ ಹೋಗಬಹುದು. ಉಬ್ಬುತಗ್ಗು ತೆಗೆಯಲು ಮಾತ್ರ ಮರ ಹೆಚ್ಚು ಅವಕಾಶ ಕೊಡುವುದಿಲ್ಲ. ಇರುವುದೇ 6 ಮಿಲಿಮೀಟರ್. ಅದರಲ್ಲಿ ಒಂದು ಹೋದರೂ ಆ ಜಾಗ ಬಡವಾಯಿತು. ಗೆರೆ ಪಟ್ಟಿ ಕೂರಿಸುವಾಗಲೇ ಸರಿಯಾಗಬೇಕು ಎನ್ನುವುದಕ್ಕೆ ಇದಕ್ಕಿಂತ ಗಟ್ಟಿ ಕಾರಣ ಬೇಕಿಲ್ಲ.

ಪಿನ್ನು ಹೊಡೆಯಬೇಕೇ ಬೇಡವೇ ಎಂಬ ಬಗ್ಗೆ ಕಟ್ಟುವವರಲ್ಲಿ ಎರಡು ಪಂಗಡಗಳಿವೆ. ಅಂಟು ಒಣಗುವ ತನಕ ಪಟ್ಟಿಯನ್ನು ಅಚ್ಚಿಗೆ ಹಿಡಿದಿಡಲು ಸ್ಟೇಪ್ಲರ್ ಪಿನ್ನು ಹೊಡೆದರೆ ಕೆಲಸ ಬೇಗ ಸಾಗುತ್ತದೆ, ಕಿತ್ತ ಮೇಲೆ ಅಡಿಗೊಂದು ಸಾಲು ಚುಕ್ಕೆ ಉಳಿಯುತ್ತದೆ. ಪಿನ್ನು ಬೇಡವೆಂದರೆ ಹಿಡಿಕೆ, ಟೇಪು, ರಬ್ಬರ್ ಹಗ್ಗಗಳಲ್ಲೇ ಬಿಗಿಯಬೇಕು, ದಿನಕ್ಕೆ ಬದಿಗೊಂದೆರಡು ಪಟ್ಟಿ ಕೂತರೆ ಹೆಚ್ಚು. ನಾನು ಒಡಲಿಗೆ ಪಿನ್ನು ಹೊಡೆದಿದ್ದೇನೆ, ಡೆಕ್ಕಿಗೆ ಹೊಡೆಯುವುದಿಲ್ಲ. ಡೆಕ್ ಹುಟ್ಟು ಹಾಕುವಾಗಲೆಲ್ಲ ಕಣ್ಣೆದುರೇ ಇರುತ್ತದೆ. ಅದಕ್ಕೆಂದು ಒಂದೇ ಹಲಗೆಯಿಂದ ಸೀಳಿದ ಪಟ್ಟಿಗಳನ್ನು ಸೀಳಿದ ಕ್ರಮದಲ್ಲೇ ಅಂಕಿ ಹಾಕಿ ಇಟ್ಟಿದ್ದೇನೆ. ಎಡದ ಐದನೆಯದೂ ಬಲದ ಐದನೆಯದೂ ಅಕ್ಕಪಕ್ಕದ ಸೀಳುಗಳಾದರೆ ಬಣ್ಣವೂ ಎಳೆಯೂ ಎರಡು ಬದಿಗೆ ಹೊಂದುತ್ತವೆ.

ಒಂದು ಎಚ್ಚರಿಕೆಯನ್ನು ಲ್ಯಾಬಿನಲ್ಲಿ ದುಡಿಯುವವಳಾಗಿ ಒತ್ತಿ ಹೇಳುತ್ತೇನೆ. ವೆಸ್ಟರ್ನ್ ರೆಡ್ ಸೀಡರಿನ ಹೊಟ್ಟಿನಲ್ಲಿ ಪ್ಲಿಕ್ಯಾಟಿಕ್ ಆಮ್ಲ ಇದೆ. ಈ ಮರ ಕೊಯ್ಯುವ ಗಿರಣಿಗಳ ಕಾರ್ಮಿಕರಲ್ಲಿ ಅದು ಆಸ್ತಮಾ ತರುವುದು ವೈದ್ಯಲೋಕಕ್ಕೆ ಚೆನ್ನಾಗಿ ಗೊತ್ತು. ಒಳ್ಳೆಯ ಮಾಸ್ಕ್ ಇಲ್ಲದೆ ಮರಳುಕಾಗದ ಮುಟ್ಟಬಾರದು. ಎಪಾಕ್ಸಿ ಬರಿಗೈಗೆ ಮತ್ತೆ ಮತ್ತೆ ತಾಗಿದರೆ ಚರ್ಮಕ್ಕೆ ಅಲರ್ಜಿ ಹತ್ತಿ, ಒಮ್ಮೆ ಹತ್ತಿದ್ದು ಬಿಡುವುದೇ ಇಲ್ಲ. ಪ್ರತಿ ಸಲವೂ ಕೈಗವಸು ಬೇಕು.

ಊರಿನಲ್ಲಿ ಇದನ್ನು ಕಟ್ಟಬಹುದೇ ಎಂದು ಕುಂದಾಪುರದ ಗೆಳತಿ ಕೇಳಿದ್ದಳು. ಖಂಡಿತ ಕಟ್ಟಬಹುದು. ಹೆಬ್ಬಲಸು ಇದಕ್ಕೆ ಭಾರವಾಯಿತು. ನಾನಾಗಿದ್ದರೆ ಗಂಧಗರಿಗೆಯನ್ನು ಹುಡುಕುತ್ತಿದ್ದೆ. ಕೆಂಪು ಬಣ್ಣದ, ಪರಿಮಳವಿರುವ, ತೇಗಕ್ಕಿಂತ ಹಗುರವಾದ ಮರ ಅದು. ಆಸ್ಟ್ರೇಲಿಯಾದಲ್ಲೂ ಬೆಳೆಯುತ್ತದೆ, ಅಲ್ಲಿ ಅದನ್ನೇ ರೆಡ್ ಸೀಡರ್ ಎನ್ನುತ್ತಾರೆ. 17 ಅಡಿಯ ಉದ್ದ ಸಿಗದಿದ್ದರೆ ಎರಡು ತುಂಡುಗಳ ತುದಿಯನ್ನು ದಪ್ಪದ ಎಂಟು ಪಟ್ಟು ಉದ್ದದ ಓರೆಯಲ್ಲಿ, ಅಂದರೆ ಸುಮಾರು 48 ಮಿಲಿಮೀಟರ್, ಹೆರೆದು ಒಂದರ ಮೇಲೊಂದು ಅಂಟಿಸಬಹುದು. ಪಕ್ಕದ ಸಾಲಿನ ಕೂಡಿಕೆ ಅದರ ಸಮಕ್ಕೆ ಬರದಂತೆ ನೋಡಿಕೊಂಡರಾಯಿತು. ಮರವನ್ನು ಬೇಸಗೆಯಲ್ಲೇ ಸೀಳಿ ನೆರಳಿನಲ್ಲಿ ಜೋಡಿಸಿಟ್ಟು, ಪಟ್ಟಿ ಕೂರಿಸುವ ಕೆಲಸವನ್ನೂ ಎಪಾಕ್ಸಿಯನ್ನೂ ದಸರೆ ಕಳೆದ ಮೇಲೆ ಹಿಡಿಯಲು ಅವಳಿಗೆ ಹೇಳಿದ್ದೇನೆ. ಮಳೆಗಾಲದ ತೇವಕ್ಕೆ ಪಟ್ಟಿ ಉಬ್ಬುತ್ತದೆ, ಎಪಾಕ್ಸಿಯ ಮೇಲೆ ಮೇಣದಂಥ ಪೊರೆ ಕೂರುತ್ತದೆ. ಅದನ್ನು ನೀರಿನಿಂದ ತೊಳೆದು ಉಜ್ಜದೆ ಮುಂದಿನ ಪದರ ಹಿಡಿಯುವುದಿಲ್ಲ. ಅಚ್ಚುಗಳನ್ನು ಮಳೆಗಾಲದಲ್ಲೇ ಕತ್ತರಿಸಿ ನಿಲ್ಲಿಸಿಕೊಳ್ಳಬಹುದು, ಅದಕ್ಕೇನೂ ಅಡ್ಡಿಯಿಲ್ಲ. ಅವು ಸಾಲಾಗಿ ನಿಂತ ದಿನ ಗಂಗೊಳ್ಳಿಗೆ ಹೋಗಿ ದೊಡ್ಡಪ್ಪನನ್ನು ಕರೆದುಕೊಂಡು ಬಾ ಎಂದೂ ಹೇಳಿದ್ದೇನೆ.